ಪ್ರೊಜೆಕ್ಟರ್ ಬಂದ ಮೇಲೆ ಟೀಚರ್ ಪಕ್ಕದಲ್ಲಿ ಯಾರು ನಿಲ್ಲಬೇಕು?

ತರಗತಿಗೆ ಬಂದ ಹೊಸ ಸಲಕರಣೆ ಬಳಕೆಗೆ ಬರುತ್ತದೋ ಮೂಲೆ ಸೇರುತ್ತದೋ ಎನ್ನುವುದು ಮೊದಲ ಕೆಲವು ನಿಮಿಷಗಳಲ್ಲೇ ತೀರ್ಮಾನವಾಗಿಬಿಡುತ್ತದೆ. ಪೀರಿಯಡ್ ಇರುವುದು 40 ನಿಮಿಷ. ಕೇಬಲ್ ಹುಡುಕಿ, ಚುಚ್ಚಿ, ‘ನೋ ಸಿಗ್ನಲ್’ ನೋಡಿ, ಕಿತ್ತು ಮತ್ತೆ ಚುಚ್ಚುವಷ್ಟರಲ್ಲಿ ಎಂಟು ನಿಮಿಷ ಹೋಯಿತೆಂದರೆ ಪಾಠದ ಐದನೇ ಒಂದು ಭಾಗ ಹೋದಂತೆ. ಅಷ್ಟು ಹೊತ್ತಿಗೆ ಹಿಂದಿನ ಬೆಂಚಿನ ಗಲಾಟೆ ಮುಂದಿನ ಬೆಂಚಿಗೂ ಬಂದಿರುತ್ತದೆ. ಒಮ್ಮೆ ಹಿಡಿತ ತಪ್ಪಿದ ತರಗತಿಯನ್ನು ಮತ್ತೆ ಪಾಠಕ್ಕೆ ತರುವುದು ಎಷ್ಟು ಕಷ್ಟ ಎಂಬುದು ಪಾಠ ಮಾಡಿದವರಿಗೆ ಗೊತ್ತು. ಹೀಗೆ ಎರಡು ಸಲ ಆದರೆ ಸಾಕು, ಮೂರನೇ ಸಲ ಆ ಪೆಟ್ಟಿಗೆ ತೆರೆಯುವುದಿಲ್ಲ.

ಇದನ್ನು ನೋಡಿ ‘ಟೀಚರ್‌ಗಳಿಗೆ ತಂತ್ರಜ್ಞಾನ ಅಂದರೆ ಭಯ’ ಎಂದುಬಿಡುತ್ತಾರೆ. ಅದೇ ಟೀಚರ್ ಮನೆಯಲ್ಲಿ ವಿಡಿಯೊ ಕಾಲ್ ಮಾಡುತ್ತಾರೆ, ಫೋನಿನಲ್ಲೇ ಹಣ ಕಳಿಸುತ್ತಾರೆ, ಟಿಕೆಟ್ ಕಾದಿರಿಸುತ್ತಾರೆ. ಯಂತ್ರ ಕಂಡರೆ ಅವರಿಗೇನೂ ಭಯವಿಲ್ಲ. ನಲವತ್ತು ಮಕ್ಕಳ ಎದುರು ಪಾಠ ಕೈತಪ್ಪೀತು ಎನ್ನುವ ಭಯ ಇದೆ, ಮತ್ತು ಅದು ನ್ಯಾಯವಾದ ಭಯ. ಹಾಗಾಗಿ ಬೆಂಬಲ ಎಂಬ ಮಾತಿಗೆ ನಾನು ಕೊಡುವ ಅರ್ಥ ಒಂದೇ: ಮೊದಲ ಹತ್ತು ಸಲ ಬಳಸುವಾಗ ಟೀಚರ್ ಸೋಲದಂತೆ ನೋಡಿಕೊಳ್ಳುವುದು. ಹತ್ತು ಸಲ ಸರಿಹೋದರೆ ಹನ್ನೊಂದನೆಯದನ್ನು ಅವರೇ ನೋಡಿಕೊಳ್ಳುತ್ತಾರೆ.

ತರಬೇತಿ ಎಲ್ಲಿ ಸೋರಿಹೋಗುತ್ತದೆ

ಒಂದು ಇಡೀ ದಿನದ ತರಬೇತಿ, ಎಂಟು ಹತ್ತು ಆ್ಯಪ್‌ಗಳ ಪರಿಚಯ, ಕೊನೆಗೊಂದು ಪ್ರಮಾಣಪತ್ರ. ಈ ಮಾದರಿಯಿಂದ ತರಗತಿಯಲ್ಲಿ ಬಹಳ ಕಡಿಮೆ ಬದಲಾಗುತ್ತದೆ. ಟೀಚರ್ ತರಬೇತಿಯನ್ನು ಅಧ್ಯಯನ ಮಾಡಿದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ವಿಷಯ ಹೇಳುವುದು, ಮಾಡಿ ತೋರಿಸುವುದು, ಅಭ್ಯಾಸ ಮಾಡಿಸುವುದು, ತಪ್ಪು ತಿದ್ದುವುದು ಇಷ್ಟೂ ಆದರೂ, ತರಗತಿಯೊಳಗೆ ಒಬ್ಬರು ಜೊತೆಗೆ ನಿಂತು ನೆರವಾಗದಿದ್ದರೆ ಕಲಿತದ್ದು ದಿನನಿತ್ಯದ ಪಾಠಕ್ಕೆ ಇಳಿಯುವುದು ಅಪರೂಪ ಎನ್ನುವುದು ಅವರ ಮಾತಿನ ತಿರುಳು.

ಆರು ಗಂಟೆಯ ಒಂದು ದಿನವನ್ನು 45 ನಿಮಿಷದ ಎಂಟು ತುಂಡು ಮಾಡಿ, ವಾರಕ್ಕೊಂದರಂತೆ ಹಂಚಿ. ಸಮಯ ಅಷ್ಟೇ, ಫಲ ಬೇರೆ. ಪ್ರತಿ ತುಂಡಿಗೂ ಒಂದೇ ಸಾಧನ. ಟೀಚರ್ ಬರುವಾಗ ಮುಂದಿನ ವಾರ ತಾವು ಮಾಡಬೇಕಿರುವ ಪಾಠವನ್ನೇ ತರಬೇಕು. ‘ಉದಾಹರಣೆಗೆ ಒಂದು ಪಾಠ’ ಎಂದು ಯಾರದೋ ಪಾಠದ ಮೇಲೆ ಕೆಲಸ ಮಾಡಿಸಬಾರದು. ಹೊರಡುವ ಹೊತ್ತಿಗೆ ಅವರ ಪೆನ್‌ಡ್ರೈವಿನಲ್ಲಿ ಆ ಪಾಠಕ್ಕೆ ಬೇಕಾದ ಕಡತ ಇರಬೇಕು, ಯಾವ ದಿನ, ಯಾವ ಪೀರಿಯಡ್‌ನಲ್ಲಿ ಬಳಸುತ್ತೇನೆ ಎಂಬುದು ಬರೆದಿಟ್ಟಿರಬೇಕು. ದಿನ ಗೊತ್ತುಮಾಡದೆ ಬಿಟ್ಟದ್ದು ಸಾಮಾನ್ಯವಾಗಿ ಆಗುವುದೇ ಇಲ್ಲ.

ಕಲಿಸುವವರಿಗೆ ಒಂದು ಕಟ್ಟುನಿಟ್ಟಿನ ನಿಯಮ: ಟೀಚರ್ ಕೈಯಿಂದ ಮೌಸ್ ತೆಗೆದುಕೊಳ್ಳಬಾರದು. ‘ಇಲ್ಲಿ ಕೊಡಿ, ನಾನು ಮಾಡ್ತೀನಿ’ ಎಂದ ಕ್ಷಣಕ್ಕೆ ಆ ಹೆಜ್ಜೆ ಅವರ ಕೈಗೆ ಬರುವುದು ನಿಂತಿತು. ಬಾಯಲ್ಲಿ ಹೇಳಿ, ಬೆರಳಿನಿಂದ ತೋರಿಸಿ, ತಡವಾದರೂ ಕಾಯಿರಿ. ಜೊತೆಗೆ, ಹಾಳಾಗುವುದನ್ನೂ ಅಭ್ಯಾಸ ಮಾಡಿಸಿ. ಕೇಬಲ್ ಅರ್ಧ ಕಿತ್ತಿಟ್ಟು, ಧ್ವನಿಯನ್ನು ಮ್ಯೂಟ್ ಮಾಡಿಟ್ಟು, ಪ್ರೊಜೆಕ್ಟರಿನ ಇನ್‌ಪುಟ್ ಬದಲಿಸಿಟ್ಟು ‘ಈಗ ಸರಿಮಾಡಿ ನೋಡೋಣ’ ಎನ್ನಿ. ಮಕ್ಕಳಿಲ್ಲದ ಕೋಣೆಯಲ್ಲಿ ಒಮ್ಮೆ ಸರಿಮಾಡಿದ್ದು ಮಕ್ಕಳ ಎದುರು ನೆನಪಿಗೆ ಬರುತ್ತದೆ.

ತರಗತಿಯೊಳಗಿನ ನೆರವಿಗೂ ಒಂದು ಕ್ರಮ ಇದೆ. ಮೊದಲ ಪಾಠದಲ್ಲಿ ನೆರವಿನವರು ಯಂತ್ರ ನೋಡಿಕೊಳ್ಳಲಿ, ಟೀಚರ್ ಪಾಠ ಮಾಡಲಿ. ಎರಡು ಮೂರನೆಯದರಲ್ಲಿ ಟೀಚರೇ ಎಲ್ಲವನ್ನೂ ನಡೆಸಲಿ, ನೆರವಿನವರು ಹಿಂದಿನ ಬೆಂಚಿನಲ್ಲಿ ಕೂರಲಿ. ನಾಲ್ಕನೆಯದರಿಂದ ಕೋಣೆಯ ಹೊರಗೆ, ಕರೆದರೆ ಎರಡು ನಿಮಿಷದಲ್ಲಿ ಬರುವ ದೂರದಲ್ಲಿ ಇದ್ದರೆ ಸಾಕು. ನೆರವಿಗೆ ಹೋದವರು ಅಂಕ ಹಾಕಲು, ವರದಿ ಬರೆಯಲು ಹೋಗಬಾರದು. ನೆರವು ಮತ್ತು ತಪಾಸಣೆ ಒಬ್ಬರೇ ಮಾಡಿದರೆ ಟೀಚರ್ ತೊಂದರೆಯನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟ ತೊಂದರೆಗೆ ಪರಿಹಾರ ಇಲ್ಲ.

ಮೊದಲು ಪಾಠ, ಆಮೇಲೆ ಪರದೆ

ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್ 1986ರಲ್ಲಿ ಒಂದು ಮಾತು ಹೇಳಿದರು: ವಿಷಯ ಗೊತ್ತಿರುವುದು ಒಂದು, ಕಲಿಸಲು ಗೊತ್ತಿರುವುದು ಇನ್ನೊಂದು, ಈ ವಿಷಯವನ್ನು ಹೇಗೆ ಕಲಿಸಬೇಕೆಂದು ಗೊತ್ತಿರುವುದು ಇವೆರಡಕ್ಕಿಂತ ಬೇರೆಯದೇ ಆದ ತಿಳಿವಳಿಕೆ. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಇದಕ್ಕೆ ತಂತ್ರಜ್ಞಾನವನ್ನೂ ಸೇರಿಸಿ ಟಿಪ್ಯಾಕ್ ಎಂಬ ಚೌಕಟ್ಟು ಕೊಟ್ಟರು. ಹೆಸರು ದೊಡ್ಡದು, ಒಳಗಿನ ಮಾತು ಸರಳ. ಬರೀ ಸಾಫ್ಟ್‌ವೇರ್ ಕಲಿಸಿದರೆ ಪ್ರಯೋಜನವಿಲ್ಲ. ಭಿನ್ನರಾಶಿ ಕಲಿಸಲು ಈ ಸಾಫ್ಟ್‌ವೇರಿನ ಯಾವ ಗುಣ ಬೇಕು ಎಂಬಲ್ಲಿಗೆ ಮಾತು ಇಳಿಯಬೇಕು.

ಟೀಚರ್ ಜೊತೆ ಕೂತಾಗ ಕೇಳಬೇಕಾದ ಪ್ರಶ್ನೆ: ಇದನ್ನು ಕಪ್ಪುಹಲಗೆಯಲ್ಲೇ ಮಾಡಿದರೆ ಏನು ತಪ್ಪಿಹೋಗುತ್ತದೆ? ಏನೂ ಇಲ್ಲ ಎಂದಾದರೆ ಕಪ್ಪುಹಲಗೆಯಲ್ಲೇ ಮಾಡಿ, ಸಂಕೋಚ ಬೇಡ. ಎಲೆಯ ನರಗಳನ್ನು ತೋರಿಸಲು ಎಲೆಯೇ ಬೇಕು, ಎಲೆಯ ಫೋಟೊ ಅಲ್ಲ. ಚಂದ್ರ ಬೆಳೆಯುವುದನ್ನೂ ಕರಗುವುದನ್ನೂ ತೋರಿಸಲು ಕತ್ತಲ ಕೋಣೆ, ಒಂದು ಟಾರ್ಚ್, ಕೈಯಲ್ಲಿ ಬಿಳಿ ಚೆಂಡು ಹಿಡಿದು ತನ್ನ ಸುತ್ತ ತಾನು ತಿರುಗುವ ಮಗು ಇದ್ದರೆ ಯಾವ ಅನಿಮೇಶನ್ನೂ ಬೇಡ. ಆದರೆ ಡಬ್ಬಿಯೊಳಗಿನ ಅನಿಲದ ಕಣಗಳು ಬಿಸಿಯಾದಾಗ ಹೇಗೆ ಓಡುತ್ತವೆ ಎಂಬುದು ಹಲಗೆಯ ಮೇಲೆ ಬರುವುದಿಲ್ಲ. ಸಮೀಕರಣದ ಒಂದು ಸಂಖ್ಯೆ ಬದಲಾದ ಕೂಡಲೇ ರೇಖೆ ಓರೆಯಾಗುವುದನ್ನು ಸೀಮೆಸುಣ್ಣದಲ್ಲಿ ಹತ್ತು ಸಲ ಬರೆದು ತೋರಿಸುವುದು ಕಷ್ಟ. ಮಾರ್ಕುಸ್ ಹೊಹೆನ್‌ವಾರ್ಟರ್ 2001ರಲ್ಲಿ ಶುರುಮಾಡಿದ ಜಿಯೊಜೆಬ್ರಾ ಎಂಬ ಗಣಿತದ ಸಾಫ್ಟ್‌ವೇರಿನಲ್ಲಿ ಅದು ಒಂದು ಸ್ಲೈಡರ್ ಎಳೆದಷ್ಟೇ. ಕಣ್ಣಿಗೆ ಕಾಣದಷ್ಟು ಚಿಕ್ಕದು, ದೂರದ್ದು, ತೀರಾ ನಿಧಾನದ್ದು ಅಥವಾ ವೇಗದ್ದು. ಬದಲಿಸಿ ಬದಲಿಸಿ ನೋಡಬೇಕಾದ್ದು. ಎಲ್ಲ ಮಕ್ಕಳ ಉತ್ತರ ಒಮ್ಮೆಗೇ ತಿಳಿಯಬೇಕಾದ್ದು. ತರಗತಿಯಲ್ಲಿ ಪರದೆ ತನ್ನ ಜಾಗ ಗಳಿಸುವುದು ಹೆಚ್ಚಾಗಿ ಈ ಮೂರು ಕಡೆ.

ಒಂದು ಪಾಠವನ್ನೇ ಬಿಡಿಸಿ ನೋಡೋಣ. ಲೋಲಕ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ಸಿಮ್ಯುಲೇಶನ್‌ಗಳು (ಪರದೆಯ ಮೇಲೆ ನಡೆಸಿ ನೋಡುವ ಪ್ರಯೋಗಗಳು) ಉಚಿತ. ಎಚ್‌ಟಿಎಂಎಲ್5ರಲ್ಲಿ ಇರುವವನ್ನು ಒಂದೊಂದೇ ಕಡತವಾಗಿ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತವೆ. ಸಾಮಾನ್ಯವಾಗಿ ಆಗುವ ತಪ್ಪು ಏನೆಂದರೆ, ಟೀಚರ್ ಅದನ್ನು ತೆರೆದು ಎಲ್ಲ ಗುಂಡಿಗಳನ್ನೂ ಒತ್ತಿ ತೋರಿಸುತ್ತಾರೆ, ಮಕ್ಕಳು ಸಿನಿಮಾ ನೋಡಿದಂತೆ ನೋಡುತ್ತಾರೆ. ಅದರ ಬದಲು ಪರದೆ ಹಾಕುವ ಮೊದಲೇ ಪ್ರಶ್ನೆ ಕೇಳಿ: ದಾರದ ಉದ್ದ ಎರಡು ಪಟ್ಟು ಮಾಡಿದರೆ ಒಂದು ಸಲ ಹೋಗಿ ಬರುವ ಸಮಯ ಎಷ್ಟಾಗುತ್ತದೆ? ಎಲ್ಲರೂ ಪುಸ್ತಕದಲ್ಲಿ ಉತ್ತರ ಬರೆಯಲಿ. ಬಹಳ ಮಕ್ಕಳು ಎರಡು ಪಟ್ಟು ಎಂದೇ ಬರೆಯುತ್ತಾರೆ. ಈಗ ನಡೆಸಿ ನೋಡಿ, ಸುಮಾರು 1.4 ಪಟ್ಟು ಮಾತ್ರ. ಎರಡು ಪಟ್ಟು ಆಗಬೇಕೆಂದರೆ ಉದ್ದ ಎಷ್ಟಿರಬೇಕು? ಊಹಿಸಿ, ನಡೆಸಿ, ನಾಲ್ಕು ಪಟ್ಟು. ಆಮೇಲೆ ಪರದೆ ಆರಿಸಿ, ದಾರಕ್ಕೆ ಕಲ್ಲು ಕಟ್ಟಿ ಮಕ್ಕಳ ಕೈಗೆ ಕೊಡಿ. 25 ಸೆಂಟಿಮೀಟರ್ ದಾರಕ್ಕೆ ಸುಮಾರು 1 ಸೆಕೆಂಡ್, 1 ಮೀಟರ್ ದಾರಕ್ಕೆ ಸುಮಾರು 2 ಸೆಕೆಂಡ್. ದಾರ ಕಟ್ಟಿದ ಜಾಗದಿಂದ ಕಲ್ಲಿನ ನಡುಭಾಗದವರೆಗೆ ಅಳೆಯಬೇಕು, ಹತ್ತು ಸಲ ಹೋಗಿ ಬಂದ ಸಮಯ ಹಿಡಿದು ಹತ್ತರಿಂದ ಭಾಗಿಸಬೇಕು. ಒಂದೇ ಸಲದ್ದನ್ನು ಹಿಡಿಯಲು ಹೋದರೆ ಗುಂಡಿ ಒತ್ತುವ ತಡವೇ ಲೆಕ್ಕವನ್ನು ಕೆಡಿಸುತ್ತದೆ. ಇಂಥ ಪಾಠದಲ್ಲಿ ಪರದೆ ಕೆಲಸ ಮಾಡಿದ್ದು ಹತ್ತು ನಿಮಿಷ. ಅಷ್ಟೇ ಸಾಕು.

ವಿಡಿಯೊ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. 25 ನಿಮಿಷದ ವಿಡಿಯೊ ಹಾಕಿ ಪಕ್ಕದಲ್ಲಿ ನಿಲ್ಲುವುದನ್ನು ಪಾಠ ಎನ್ನಲಾಗದು. ಮೂರ್ನಾಲ್ಕು ನಿಮಿಷದ ತುಣುಕು ಆರಿಸಿ, ಅದನ್ನು ಎರಡು ಮೂರು ಕಡೆ ನಿಲ್ಲಿಸಬೇಕು. ನಿಲ್ಲಿಸುವ ಜಾಗವನ್ನು ಮೊದಲೇ ನೋಡಿ ಬರೆದಿಟ್ಟಿರಬೇಕು: ‘1:10, ಮುಂದೇನಾಗಬಹುದು?’, ‘2:35, ಈ ಬಣ್ಣ ಯಾಕೆ ಬದಲಾಯಿತು?’ ಎಂಬಂತೆ. ಮೊದಲ ಸಲ ಧ್ವನಿ ಇಲ್ಲದೆ ತೋರಿಸಿ ಮಕ್ಕಳಿಂದಲೇ ವಿವರಣೆ ಹೇಳಿಸುವುದು ಒಳ್ಳೆಯ ಉಪಾಯ. ಭಾಷೆ ತೊಡಕಾಗಿರುವ ವಿಡಿಯೊಗಳಿಗಂತೂ ಇದೇ ದಾರಿ. ಕಲಿಕೆಯ ಮನೋವಿಜ್ಞಾನಿ ರಿಚರ್ಡ್ ಮೇಯರ್ ದಶಕಗಳ ಕಾಲ ಮಾಡಿದ ಪ್ರಯೋಗಗಳಿಂದ ಬಂದ ತತ್ವಗಳಲ್ಲಿ ಎರಡನ್ನು ಸ್ಲೈಡ್ ಮಾಡುವ ಪ್ರತಿ ಟೀಚರಿಗೂ ಹೇಳಿಕೊಡಬೇಕು. ಪರದೆಯ ಮೇಲೆ ಬರೆದದ್ದನ್ನೇ ಬಾಯಲ್ಲಿ ಓದಬೇಡಿ. ಕಣ್ಣು ಓದುತ್ತಾ ಕಿವಿ ಕೇಳುತ್ತಾ ಎರಡೂ ಅರ್ಧಂಬರ್ಧ ಆಗುತ್ತವೆ. ಪಾಠಕ್ಕೆ ಸಂಬಂಧವಿಲ್ಲದ ಚಿತ್ರ, ಸಂಗೀತ, ಕುಣಿಯುವ ಅಕ್ಷರ ತೆಗೆದುಹಾಕಿ. ಮಕ್ಕಳಿಗೆ ಪಾಠಕ್ಕಿಂತ ಅದೇ ನೆನಪಿರುತ್ತದೆ.

ಹಿಂದಿನ ಬೆಂಚಿನಿಂದ ಏನು ಕಾಣುತ್ತದೆ

ಸ್ಲೈಡ್ ತಯಾರಿಸುವವರ ಕಣ್ಣಿಗೂ ಕಂಪ್ಯೂಟರಿಗೂ ಇರುವ ದೂರ ಅರ್ಧ ಮೀಟರ್. ಕೊನೆಯ ಬೆಂಚಿಗೂ ಪರದೆಗೂ ಎಂಟು ಒಂಬತ್ತು ಮೀಟರ್. ಪ್ರತಿ 3 ಮೀಟರ್ ದೂರಕ್ಕೆ ಅಕ್ಷರದ ಎತ್ತರ ಪರದೆಯ ಮೇಲೆ 2.5 ಸೆಂಟಿಮೀಟರ್ ಇರಲಿ ಎನ್ನುವುದು ಫಲಕ ಬರೆಯುವವರ ಹಳೆಯ ಲೆಕ್ಕ. ಅದರಂತೆ 9 ಮೀಟರಿಗೆ 7.5 ಸೆಂಟಿಮೀಟರ್ ಬೇಕು. ಕನ್ನಡಕ್ಕೆ ಇದರ ಜೊತೆ ಇನ್ನೊಂದು ಕಷ್ಟ: ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಸಾಕಾಗುವ ಅಳತೆಯಲ್ಲಿ ‘ದ್ಧ’ ಮತ್ತು ‘ದ್ದ’ ದೂರದಿಂದ ಒಂದೇ ಥರ ಕಾಣುತ್ತವೆ. ಅಕ್ಷರ 32 ಪಾಯಿಂಟಿಗಿಂತ ಕಡಿಮೆ ಮಾಡಬೇಡಿ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ, ಒಂದು ಸ್ಲೈಡಿಗೆ ಆರು ಸಾಲು ದಾಟಬೇಡಿ. ಪರೀಕ್ಷಿಸುವ ವಿಧಾನ ಸುಲಭ: ಸ್ಲೈಡ್ ಹಾಕಿ, ಕೊನೆಯ ಬೆಂಚಿನಲ್ಲಿ ಕೂತು ಓದಿ.

ಫಾಂಟ್ ತೊಂದರೆಯೂ ಇಲ್ಲೇ ಇದೆ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಟಿಪ್ಪಣಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡುವ ಅಭ್ಯಾಸ ಮಾಡಿಸಿ, ಹಳೆಯ ಕಡತಗಳನ್ನು ಪರಿವರ್ತಕದಿಂದ ಬದಲಿಸಿ ಒಮ್ಮೆ ಕಣ್ಣಾಡಿಸಿ. ಅರ್ಕಾವತ್ತು ಮತ್ತು ಒತ್ತಕ್ಷರಗಳ ಕಡೆ ತಪ್ಪು ಉಳಿಯುವುದುಂಟು. ತರಗತಿಗೆ ಒಯ್ಯುವ ಪ್ರತಿಯನ್ನು ಪಿಡಿಎಫ್ ಮಾಡಿಕೊಂಡರೆ ಫಾಂಟೂ ಜೊತೆಗೇ ಹೋಗುತ್ತದೆ.

ಬೆಳಕಿನ ವಿಷಯದಲ್ಲಿ ಒಂದು ಕಾರಣ ತಿಳಿದಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು. ಕಪ್ಪು ಇರಬೇಕಾದ ಕಡೆ ಅದು ಬೆಳಕು ಹಾಕದೆ ಬಿಡುತ್ತದೆ ಅಷ್ಟೆ. ಹಾಗಾಗಿ ಪರದೆಯ ಮೇಲಿನ ಕಪ್ಪು ಎಂದರೆ ಆ ಹೊತ್ತಿನಲ್ಲಿ ಗೋಡೆ ಎಷ್ಟು ಬೆಳ್ಳಗಿದೆಯೋ ಅಷ್ಟು. ಹಗಲು ಬೆಳಕಿನ ಕೋಣೆಯಲ್ಲಿ ಕಡು ಬಣ್ಣದ ಹಿನ್ನೆಲೆ ಹಾಕಿದರೆ ಬೂದುಬೂದಾಗಿ ಎಲ್ಲ ಮಸುಕಾಗುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಹಾಕಿದರೆ ಓದಬಹುದು. ಇಡೀ ಕೋಣೆ ಕತ್ತಲೆ ಮಾಡುವ ಅಗತ್ಯವೂ ಇಲ್ಲ. ಪರದೆಯ ಮೇಲೆ ನೇರ ಬೆಳಕು ಬೀಳಿಸುವ ಕಿಟಕಿಗೆ ಕರ್ಟನ್ ಎಳೆಯಿರಿ, ಮುಂದಿನ ದೀಪ ಒಂದನ್ನೇ ಆರಿಸಿ. ಮಕ್ಕಳು ಬರೆದುಕೊಳ್ಳಲು, ಟೀಚರ್ ಮಕ್ಕಳ ಮುಖ ನೋಡಲು ಹಿಂದಿನ ಬೆಳಕು ಇರಲೇಬೇಕು. ಹೊಸದು ಕೊಳ್ಳುವವರು ಸಾಧಾರಣ ಗಾತ್ರದ ಕೋಣೆಗೆ 3,000ದಿಂದ 3,500 ಆನ್ಸಿ ಲುಮೆನ್ (ಗೊತ್ತುಪಡಿಸಿದ ವಿಧಾನದಲ್ಲಿ ಅಳೆದ ಬೆಳಕಿನ ಪ್ರಮಾಣ) ಇರುವುದನ್ನು ನೋಡಿ. ಪೆಟ್ಟಿಗೆಯ ಮೇಲೆ ಬರೀ ‘ಲುಮೆನ್’ ಎಂದು ದೊಡ್ಡ ಸಂಖ್ಯೆ ಬರೆದಿದ್ದರೆ ನಂಬಬೇಡಿ, ಆನ್ಸಿ ಅಥವಾ ಐಎಸ್ಒ ಲುಮೆನ್ ಎಂದು ಕೇಳಿ.

ಪುಸ್ತಕಗಳ ಮೇಲೆ ಪ್ರೊಜೆಕ್ಟರ್ ಇಟ್ಟು ಓರೆಯಾಗಿ ಎಸೆದು, ಆಮೇಲೆ ಕೀಸ್ಟೋನ್ ಗುಂಡಿಯಿಂದ ಚೌಕ ಮಾಡುವುದು ಎಲ್ಲ ಕಡೆ ನಡೆಯುತ್ತದೆ. ಆ ಗುಂಡಿ ಚಿತ್ರವನ್ನು ಒಳಗೇ ಕುಗ್ಗಿಸಿ ಸರಿಮಾಡುವುದರಿಂದ ಅಕ್ಷರದ ಅಂಚು ಮಸುಕಾಗುತ್ತದೆ. ಮೇಜಿನ ಎತ್ತರ, ಜಾಗ ಸರಿಮಾಡಿ, ನೆಲಕ್ಕೆ ಬಣ್ಣದಲ್ಲಿ ಗುರುತು ಹಾಕಿಡಿ. ಪ್ರತಿ ಸಲ ಐದು ನಿಮಿಷ ಉಳಿಯುತ್ತದೆ. ಗಾಳಿ ಒಳಹೋಗುವ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ದೂಳು ಹೊಡೆಯಿರಿ. ಸೀಮೆಸುಣ್ಣದ ಪುಡಿ ಇರುವ ಕೋಣೆಯಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ, ಯಂತ್ರ ಕಾದು ಪಾಠದ ನಡುವೆ ತಾನಾಗಿ ಆರಿಹೋಗುತ್ತದೆ. ಎಲ್ಲರೂ ಕೆಟ್ಟಿತು ಎಂದುಕೊಳ್ಳುತ್ತಾರೆ, ತೊಂದರೆ ದೂಳಿನದು. ಬಲ್ಬ್ ಇರುವ ಮಾದರಿಯಾದರೆ ಗುಂಡಿ ಒತ್ತಿ ಆರಿಸಿ, ಫ್ಯಾನ್ ನಿಲ್ಲುವವರೆಗೆ ಪ್ಲಗ್ ಕೀಳಬಾರದು.

ಚಿತ್ರ ಬರದಿದ್ದರೆ ನೋಡುವ ಕ್ರಮ ಹೀಗೆ: ಕೇಬಲಿನ ಎರಡೂ ತುದಿ ಪೂರ್ತಿ ಕೂತಿದೆಯೇ, ಪ್ರೊಜೆಕ್ಟರಿನ ಇನ್‌ಪುಟ್ ಆ ಕೇಬಲಿಗೆ ಹೊಂದುತ್ತದೆಯೇ, ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಡೂಪ್ಲಿಕೇಟ್’ ಆರಿಸಿದ್ದೀರಾ. ಆಗಲೂ ಬರದಿದ್ದರೆ ಪ್ರೊಜೆಕ್ಟರ್ ಪೂರ್ತಿ ಹತ್ತಿದ ಮೇಲೆ ಕೇಬಲನ್ನು ಮತ್ತೊಮ್ಮೆ ಕಿತ್ತು ಚುಚ್ಚಿ. ಯುಎಸ್‌ಬಿ-ಸಿ ಕಿಂಡಿ ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಹೊರಬರಬೇಕೆಂದಿಲ್ಲ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಚಾರ್ಜಿಗೂ ಕಡತಕ್ಕೂ ಮಾತ್ರ. ಚಿತ್ರ ಬಂದು ಧ್ವನಿ ಬರದಿದ್ದರೆ ಕಾರಣ ಹೆಚ್ಚಾಗಿ ಒಂದೇ: ಎಚ್‌ಡಿಎಂಐ ಹಾಕಿದ ಕೂಡಲೇ ಕಂಪ್ಯೂಟರ್ ಧ್ವನಿಯನ್ನೂ ಪ್ರೊಜೆಕ್ಟರಿಗೇ ಕಳಿಸುತ್ತಿದೆ. ಸ್ಪೀಕರ್ ಚಿಹ್ನೆ ಒತ್ತಿ ಔಟ್‌ಪುಟ್ ಬದಲಿಸಿ. ಲ್ಯಾಪ್‌ಟಾಪಿನ ಸ್ವಂತ ಸ್ಪೀಕರ್ ನಲವತ್ತು ಮಕ್ಕಳಿಗೆ ಸಾಲುವುದಿಲ್ಲ. ತಂತಿ ಇರುವ ಸಣ್ಣ ಸ್ಪೀಕರ್ ಜೋಡಿ ಇಡಿ. ಬ್ಲೂಟೂತ್ ಸ್ಪೀಕರ್ ಪಕ್ಕದ ಕೋಣೆಯ ಫೋನಿಗೆ ಹೋಗಿ ಅಂಟಿಕೊಂಡರೆ ಪಾಠ ಅಲ್ಲಿಗೇ ನಿಂತಿತು.

ಮೇಲಿನ ಇಡೀ ಪ್ಯಾರಾವನ್ನು ಚಿತ್ರ ಸಮೇತ ಒಂದು ಹಾಳೆಯಲ್ಲಿ ಬರೆದು, ಪ್ರೊಜೆಕ್ಟರ್ ಪಕ್ಕದ ಗೋಡೆಗೆ ಅಂಟಿಸಿ. ಮೂವತ್ತು ಪುಟದ ಕೈಪಿಡಿ ಬೀರುವಿನಲ್ಲಿರುತ್ತದೆ, ಬೀರುವಿನ ಕೀಲಿ ಇನ್ನೆಲ್ಲೋ ಇರುತ್ತದೆ.

ಇಂಟರ್‌ನೆಟ್ ಇಲ್ಲ ಎಂದುಕೊಂಡೇ ಹೊರಡಿ

ಪಾಠದ ಹೊತ್ತಿನಲ್ಲಿ ಇಂಟರ್‌ನೆಟ್ ಇದ್ದರೆ ಅದು ಲಾಭ, ಇರಲೇಬೇಕು ಎಂದು ಪಾಠ ಕಟ್ಟಬೇಡಿ. ಬೇಕಾದ ತುಣುಕು ಹಿಂದಿನ ದಿನವೇ ಪೆನ್‌ಡ್ರೈವಿನಲ್ಲೂ ಲ್ಯಾಪ್‌ಟಾಪಿನಲ್ಲೂ ಇರಲಿ. ಫ್ಯಾಟ್32 ಮಾದರಿಯ ಪೆನ್‌ಡ್ರೈವಿಗೆ 4 ಗಿಗಾಬೈಟಿನಷ್ಟು ಅಥವಾ ಅದಕ್ಕಿಂತ ದೊಡ್ಡ ಒಂದು ಕಡತ ಹಾಕಲು ಆಗುವುದಿಲ್ಲ, ‘ಜಾಗ ಇದ್ದರೂ ಹೋಗುತ್ತಿಲ್ಲ’ ಎಂಬ ದೂರಿನ ಹಿಂದಿರುವುದು ಇದೇ, ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಫೋನಿನಲ್ಲಿ ತೆಗೆದ ವಿಡಿಯೊ ಹಳೆಯ ಕಂಪ್ಯೂಟರಿನಲ್ಲಿ ತಡವರಿಸಿದರೆ ಅಥವಾ ಧ್ವನಿ ಮಾತ್ರ ಬಂದರೆ, ಅದು ಎಚ್.265 ಎಂಬ, ವಿಡಿಯೊ ಕುಗ್ಗಿಸುವ ಹೊಸ ಮಾದರಿಯಲ್ಲಿ ಇದ್ದಿರಬಹುದು. ಎಚ್.264 ಎಂಪಿ4ಗೆ ಬದಲಿಸಿ, ವಿಎಲ್‌ಸಿ ಪ್ಲೇಯರ್ ಹಾಕಿಟ್ಟುಕೊಳ್ಳಿ.

ಇಡೀ ಶಾಲೆಗೆ ಒಂದು ಪುಟ್ಟ ಗ್ರಂಥಾಲಯ ಬೇಕೆಂದರೆ ಎರಡು ಉಚಿತ ಸಾಧನಗಳನ್ನು ಗಟ್ಟಿಯಾಗಿ ಶಿಫಾರಸು ಮಾಡುತ್ತೇನೆ. ಕಿವಿಕ್ಸ್‌ನಲ್ಲಿ ವಿಕಿಪೀಡಿಯವನ್ನೇ ಒಂದು ಕಡತವಾಗಿ ಇಳಿಸಿಕೊಳ್ಳಬಹುದು, ಕನ್ನಡ ವಿಕಿಪೀಡಿಯ ಕೂಡ. ಲರ್ನಿಂಗ್ ಈಕ್ವಾಲಿಟಿ ಸಂಸ್ಥೆಯ ಕೊಲಿಬ್ರಿಯಲ್ಲಿ ಪಾಠ, ವಿಡಿಯೊ, ಅಭ್ಯಾಸ ಪ್ರಶ್ನೆಗಳನ್ನು ಜೋಡಿಸಿ, ಯಾವ ಮಗು ಎಲ್ಲಿ ತೊಡರಿಕೊಂಡಿದೆ ಎಂದೂ ನೋಡಬಹುದು. ಇಂಟರ್‌ನೆಟ್ ಇರುವ ಕಡೆ ಒಮ್ಮೆ ತುಂಬಿಸಿಕೊಂಡು ಬಂದರೆ ಆಯಿತು. ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದಕ್ಕೆ ಸರ್ವರ್ ಆಗುತ್ತದೆ, ಒಂದು ರೂಟರ್ ಮೂಲಕ ಮಕ್ಕಳ ಸಾಧನಗಳು ಅದಕ್ಕೆ ಸೇರುತ್ತವೆ. ಪೈನ ಒಳಗಿರುವ ವೈಫೈ ಬೆರಳೆಣಿಕೆಯ ಸಾಧನಗಳಿಗೆ ಸರಿ, ಇಡೀ ತರಗತಿಗೆ ಬೇರೆ ರೂಟರ್ ಇಡಿ. 30 ಮಕ್ಕಳು ಒಟ್ಟಿಗೆ ತಲಾ 1.5 ಎಂಬಿಪಿಎಸ್ ವಿಡಿಯೊ ತೆರೆದರೆ 45 ಎಂಬಿಪಿಎಸ್ ಬೇಕು. ಮೂವರಿಗೊಂದು ಸಾಧನ ಎಂದು ಕೂರಿಸಿದರೆ 15ಕ್ಕೆ ಇಳಿಯುತ್ತದೆ. 2.4 ಗಿಗಾಹರ್ಟ್ಸ್ ರೂಟರ್ ಎರಡು ಮೂರು ಕೋಣೆಗಳಲ್ಲಿದ್ದರೆ 1, 6, 11ನೇ ಚಾನೆಲ್‌ಗಳನ್ನು ಹಂಚಿ, ಆಗ ಒಂದರ ಮೇಲೊಂದು ಬೀಳುವುದಿಲ್ಲ. ಕರೆಂಟ್ ಥಟ್ಟನೆ ಹೋದರೆ ಪೈನ ಎಸ್‌ಡಿ ಕಾರ್ಡ್ ಕೆಡುವ ಸಾಧ್ಯತೆ ಇದೆ. ಎಲ್ಲ ಸಿದ್ಧವಾದ ದಿನವೇ ಕಾರ್ಡಿನ ಪೂರ್ತಿ ನಕಲು ಇನ್ನೊಂದು ಕಾರ್ಡಿಗೆ ಮಾಡಿಟ್ಟರೆ, ಕೆಟ್ಟ ದಿನ ಐದು ನಿಮಿಷದಲ್ಲಿ ಬದಲಿಸಬಹುದು.

ಮೂವರಿಗೊಂದು ಟ್ಯಾಬ್ಲೆಟ್ ಕೊರತೆ ಎಂದು ನನಗೆ ಅನ್ನಿಸಿಲ್ಲ. ಒಬ್ಬರು ನಡೆಸುವವರು, ಒಬ್ಬರು ಬರೆದುಕೊಳ್ಳುವವರು, ಒಬ್ಬರು ‘ಯಾಕೆ’ ಎಂದು ಕೇಳುವವರು. ಹತ್ತು ನಿಮಿಷಕ್ಕೊಮ್ಮೆ ಸಾಧನ ಕೈ ಬದಲಾಗಲಿ. ಬದಲಾಯಿಸದಿದ್ದರೆ ಗಟ್ಟಿ ದನಿಯ ಮಗುವಿನ ಕೈಯಲ್ಲೇ ಅದು ಉಳಿದುಬಿಡುತ್ತದೆ. ಚಾರ್ಜಿಂಗ್ ಲೆಕ್ಕ ಮೊದಲೇ ಹಾಕಿ: 10 ವಾಟ್‌ನ 30 ಟ್ಯಾಬ್ಲೆಟ್ ಅಂದರೆ 300 ವಾಟ್, ಅದನ್ನು ಒಂದೇ ಅಗ್ಗದ ಎಕ್ಸ್‌ಟೆನ್ಶನ್ ಬಾಕ್ಸಿಗೆ ಸರಪಳಿಯಂತೆ ಕಟ್ಟಬೇಡಿ. ಸಾಧನಕ್ಕೂ ಕೇಬಲಿಗೂ ಒಂದೇ ಸಂಖ್ಯೆ ಬರೆಯಿರಿ. ದೀರ್ಘ ರಜೆಗೆ ಮುಂಚೆ ಅರ್ಧ ಚಾರ್ಜಿನಲ್ಲಿ ಆರಿಸಿಡಿ. ಖಾಲಿ ಮಾಡಿ ತಿಂಗಳುಗಟ್ಟಲೆ ಇಟ್ಟ ಲಿಥಿಯಂ ಬ್ಯಾಟರಿ ಮತ್ತೆ ಏಳದೆಯೂ ಇರಬಹುದು.

ಎಲ್ಲ ಮಕ್ಕಳ ಉತ್ತರ

ತಂತ್ರಜ್ಞಾನಕ್ಕೆ ಹೊಸಬರಾದ ಟೀಚರ್ ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಪ್ರಶ್ನೆ ಕೇಳಿದಾಗ ಕೈ ಎತ್ತುವುದು ಅದೇ ಐದಾರು ಮಕ್ಕಳು. ಉಳಿದವರಿಗೆ ಅರ್ಥವಾಯಿತೋ ಇಲ್ಲವೋ ಪರೀಕ್ಷೆಯವರೆಗೆ ಗೊತ್ತಾಗುವುದಿಲ್ಲ. ಹಾರ್ವರ್ಡ್‌ನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಎರಿಕ್ ಮಜೂರ್ 1991ರಿಂದ ಬಳಸಿದ ವಿಧಾನ ಹೀಗಿದೆ: ಆಯ್ಕೆಗಳಿರುವ ಒಂದು ಪ್ರಶ್ನೆ ಹಾಕಿ, ಪ್ರತಿಯೊಬ್ಬರೂ ಮಾತಾಡದೆ ಉತ್ತರ ಕೊಡಲಿ. ಸರಿಯುತ್ತರ ಸುಮಾರು 30ರಿಂದ 70 ಶೇಕಡಾ ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸಲು ಎರಡು ಮೂರು ನಿಮಿಷ ಕೊಟ್ಟು ಮತ್ತೆ ಉತ್ತರ ಕೇಳಿ. 30ಕ್ಕಿಂತ ಕಡಿಮೆ ಇದ್ದರೆ ಮತ್ತೊಮ್ಮೆ ಬೇರೆ ರೀತಿ ವಿವರಿಸಿ, 70 ದಾಟಿದರೆ ಚಿಕ್ಕದಾಗಿ ಹೇಳಿ ಮುಂದೆ ಹೋಗಿ.

ಇದಕ್ಕೆ ಎ, ಬಿ, ಸಿ, ಡಿ ಬರೆದ ನಾಲ್ಕು ಬಣ್ಣದ ರಟ್ಟು ಸಾಕು. ಲೆಕ್ಕ ಉಳಿಯಬೇಕೆಂದರೆ ಪ್ಲಿಕರ್ಸ್ ಬಳಸಬಹುದು: ಪ್ರತಿ ಮಗುವಿಗೂ ಒಂದು ಮುದ್ರಿತ ಕಾರ್ಡ್, ಅದನ್ನು ತಿರುಗಿಸಿ ಹಿಡಿದ ದಿಕ್ಕೇ ಉತ್ತರ, ಟೀಚರ್ ತಮ್ಮ ಒಂದು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಆಡಿಸಿದರೆ ಎಲ್ಲರ ಉತ್ತರವೂ ಸೇರುತ್ತದೆ. ಮಕ್ಕಳ ಕೈಗೆ ಯಾವ ಸಾಧನವೂ ಬೇಡ. ಕೆಡುವುದು ಮೂರು ಕಡೆ: ಹೊಳೆಯುವ ಲ್ಯಾಮಿನೇಶನ್ ಮಾಡಿಸಿದರೆ ಬೆಳಕು ಪ್ರತಿಫಲಿಸಿ ಕಾರ್ಡ್ ಓದಿಕೊಳ್ಳುವುದಿಲ್ಲ, ಮ್ಯಾಟ್ ಮಾಡಿಸಿ ಅಥವಾ ದಪ್ಪ ಕಾಗದದಲ್ಲೇ ಬಿಡಿ, ಬೆರಳು ಕಪ್ಪು ಭಾಗದ ಮೇಲೆ ಬರದಂತೆ ಅಂಚು ಹಿಡಿಯಲು ಕಲಿಸಿ, ಕಿಟಕಿಗೆ ಬೆನ್ನು ಹಾಕಿ ಕೂತ ಮಕ್ಕಳ ಕಾರ್ಡ್ ಕಪ್ಪಾಗಿ ಕಾಣುತ್ತದೆ, ಟೀಚರ್ ನಿಲ್ಲುವ ಜಾಗ ಬದಲಿಸಿದರೆ ಸರಿಹೋಗುತ್ತದೆ.

ಆದರೆ ಇದರ ಜೀವ ಇರುವುದು ಪ್ರಶ್ನೆಯಲ್ಲಿ. ‘0.35 ಮತ್ತು 0.4ರಲ್ಲಿ ಯಾವುದು ದೊಡ್ಡದು?’ ಎಂದಾಗ 0.35 ಎನ್ನುವ ಮಗು 35ನ್ನು 4ರ ಜೊತೆ ಹೋಲಿಸುತ್ತಿದೆ. ಪ್ರತಿ ತಪ್ಪು ಆಯ್ಕೆಯೂ ಹೀಗೆ ಒಂದು ನಿಜವಾದ ತಪ್ಪು ಕಲ್ಪನೆಯಿಂದ ಬಂದಿರಬೇಕು, ಆಗ ಉತ್ತರ ನೋಡಿದ ಕೂಡಲೇ ಏನು ಕಲಿಸಬೇಕೆಂದು ತಿಳಿಯುತ್ತದೆ. ಇಂಥ ಪ್ರಶ್ನೆಗಳನ್ನು ಒಂದೇ ವಿಷಯದ ಮೂವರು ಟೀಚರ್ ಕೂತು ಬರೆದರೆ ಗಂಟೆಗೆ ಹತ್ತು ಆಗುತ್ತವೆ, ಒಬ್ಬರೇ ಬರೆದರೆ ಮೂರು ನಾಲ್ಕು. ಜೊತೆಗೆ, ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ವಿಜ್ಞಾನ ಬೋಧನೆಯ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದಂತೆ ಟೀಚರ್‌ಗಳು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದ ಮಕ್ಕಳೂ ಬಾಯಿಬಿಡುತ್ತಾರೆ.

ಹಂಚಿಕೊಳ್ಳುವ ಸಂಪನ್ಮೂಲ

ಶಾಲೆಯ ಗುಂಪಿಗೆ ದಿನಕ್ಕೆ ಇಪ್ಪತ್ತು ಲಿಂಕ್ ಬಂದು ಬಿದ್ದರೆ ಯಾರೂ ತೆರೆಯುವುದಿಲ್ಲ. ಒಂದು ಸಂಪನ್ಮೂಲ ಇನ್ನೊಬ್ಬ ಟೀಚರಿಗೆ ಉಪಯೋಗವಾಗಬೇಕೆಂದರೆ ಕಡತದ ಜೊತೆ ಅರ್ಧ ಪುಟದ ಟಿಪ್ಪಣಿ ಇರಬೇಕು: ಯಾವ ತರಗತಿ, ಯಾವ ಪಾಠ, ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು, ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು, ಬಳಸಿದಾಗ ಏನು ಎಡವಿತು. ಕಡತದ ಹೆಸರು ‘ಹೊಸದು ಫೈನಲ್ 2’ ಎಂದಿರದೆ ‘8-ವಿಜ್ಞಾನ-ಲೋಲಕ-ಪ್ರಶ್ನೆಗಳು’ ಎಂದಿರಲಿ. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು 2002ರಲ್ಲಿ ಯುನೆಸ್ಕೊ ಸಭೆಯೊಂದರಲ್ಲಿ ಹುಟ್ಟಿತು. ಅಂಥವುಗಳಲ್ಲಿ ಹೆಚ್ಚಿನವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇರುತ್ತವೆ. ಟೀಚರಿಗೆ ತಿಳಿದಿರಬೇಕಾದ್ದು ಇಷ್ಟು: ‘ಬಿವೈ’ ಎಂದರೆ ಮಾಡಿದವರ ಹೆಸರು ಹೇಳಬೇಕು, ‘ಎನ್‌ಸಿ’ ಎಂದರೆ ವ್ಯಾಪಾರಕ್ಕೆ ಬಳಸಬಾರದು, ‘ಎಸ್ಎ’ ಎಂದರೆ ನೀವು ಬದಲಿಸಿದ್ದನ್ನೂ ಅದೇ ಪರವಾನಗಿಯಲ್ಲೇ ಹಂಚಬೇಕು, ‘ಎನ್‌ಡಿ’ ಎಂದರೆ ಬದಲಿಸಿದ್ದನ್ನು ಹಂಚಬಾರದು. ಅನುವಾದವೂ ಬದಲಾವಣೆಯೇ, ಆದ್ದರಿಂದ ಎನ್‌ಡಿ ಇರುವುದನ್ನು ಕನ್ನಡಕ್ಕೆ ತಂದು ಹಂಚಲು ಅನುಮತಿ ಬೇಕು.

ಕೃತಕ ಬುದ್ಧಿಮತ್ತೆಯ ಚಾಟ್ ಸಾಧನಗಳಿಂದ ಪ್ರಶ್ನೆಗಳ ಕರಡು, ಒಂದೇ ಲೆಕ್ಕದ ಹತ್ತು ಬೇರೆ ಬೇರೆ ರೂಪ, ಕಷ್ಟದ ಪ್ಯಾರಾದ ಸರಳ ರೂಪ ಮಾಡಿಸಿಕೊಳ್ಳುವುದು ನಿಜವಾಗಿಯೂ ಸಮಯ ಉಳಿಸುತ್ತದೆ. ಪ್ರತಿ ಉತ್ತರವನ್ನೂ ಟೀಚರ್ ತಾವೇ ಬಿಡಿಸಿ ನೋಡಬೇಕು. ತಪ್ಪನ್ನೂ ಅದು ಅಷ್ಟೇ ಧೈರ್ಯದಿಂದ ಬರೆಯುತ್ತದೆ, ಕನ್ನಡದಲ್ಲಿ ಪಾರಿಭಾಷಿಕ ಪದಗಳ ಕಡೆ ಇನ್ನಷ್ಟು ಎಚ್ಚರ ಬೇಕು. ಮಕ್ಕಳ ಹೆಸರು, ಅಂಕ, ಫೋಟೊ ಅದಕ್ಕೆ ಕೊಡಲೇಬಾರದು.

ಮುಖ್ಯೋಪಾಧ್ಯಾಯರಿಗೆ ಒಂದು ವಿನಂತಿ. ಯಂತ್ರ ಎಷ್ಟು ಗಂಟೆ ಓಡಿತು ಎಂಬ ಲೆಕ್ಕ, ಬಳಸಿದ ಫೋಟೊ ಕಳಿಸಿ ಎಂಬ ಆದೇಶ ಬಿಡಿ. ಗಂಟೆ ಕೇಳಿದರೆ ಗಂಟೆ ಸಿಗುತ್ತದೆ, ಉದ್ದದ ವಿಡಿಯೊ ಓಡುತ್ತಿರುತ್ತದೆ. ಅದರ ಬದಲು ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪೀರಿಯಡ್ ಟೀಚರ್‌ಗಳು ಜೊತೆ ಕೂತು ತಯಾರಿ ಮಾಡಲು ಬಿಡುವು ಮಾಡಿಕೊಡಿ. ಸಲಕರಣೆ ಇರುವ ಕೋಣೆಯ ಕೀಲಿ ಟೀಚರಿಗೆ ಕೇಳದೆ ಸಿಗುವಂತಿರಲಿ. ಯಂತ್ರ ಕೆಟ್ಟರೆ ಬಳಸಿದವರ ಮೇಲೆ ಹೊಣೆ ಹಾಕುವ ಶಾಲೆಯಲ್ಲಿ ಯಂತ್ರ ಯಾವಾಗಲೂ ಹೊಚ್ಚಹೊಸದಾಗಿಯೇ ಇರುತ್ತದೆ, ಯಾರೂ ಮುಟ್ಟಿರುವುದಿಲ್ಲ.

ಕೊನೆಯದಾಗಿ ಒಂದು ನೋಟ್‌ಬುಕ್. ಪ್ರೊಜೆಕ್ಟರ್ ಮೇಜಿಗೆ ದಾರದಲ್ಲಿ ಕಟ್ಟಿ ತೂಗುಹಾಕಿ, ಪಕ್ಕದಲ್ಲೇ ಪೆನ್ ಇರಲಿ. ನಾಲ್ಕು ಕಾಲಂ: ದಿನಾಂಕ, ಏನು ಕೆಟ್ಟಿತು, ಹೇಗೆ ಸರಿಹೋಯಿತು, ಎಷ್ಟು ನಿಮಿಷ ಹೋಯಿತು. ಹೆಸರು ಬರೆಯುವ ಕಾಲಂ ಬೇಡ. ನೆರವಿನವರು ಶನಿವಾರ ಅದನ್ನು ತೆರೆದು ಓದಲಿ. ಒಂದೇ ತೊಂದರೆ ಮೂರು ಸಲ ಕಂಡರೆ ಕೇಬಲ್ ಬದಲಿಸಬೇಕೋ, ಗೋಡೆಯ ಹಾಳೆಗೆ ಒಂದು ಸಾಲು ಸೇರಿಸಬೇಕೋ, ಅಥವಾ ಮುಂದಿನ ವಾರದ 45 ನಿಮಿಷ ಅದಕ್ಕೇ ಕೊಡಬೇಕೋ ಎಂಬುದು ಅಲ್ಲೇ ಗೊತ್ತಾಗುತ್ತದೆ.